ಹಳೆಯ ಹೆಸರು, ಹೊಸ ಹುಡುಗಿ



ಮಕ್ಕಳು ಓದುವ ಚಿತ್ರಕಥೆಯ ಪುಸ್ತಕಗಳನ್ನು ನಾವು ದೊಡ್ಡವರು ಎಷ್ಟು ಮಂದಿ ಬಿಡಿಸಿ ನೋಡುತ್ತೇವೆ? ಹೊಡೆದಾಟ, ಹಾರಾಟ, ಮೈಗಂಟಿದ ಬಣ್ಣದ ಬಟ್ಟೆ, ಅಷ್ಟೇ ತಾನೇ ಎಂದು ಪಕ್ಕಕ್ಕಿಡುತ್ತೇವೆ. ನಿಮ್ಮಲ್ಲಿ ಕೆಲವರಿಗೆ ಇಂದ್ರಜಾಲ ಕಾಮಿಕ್ಸ್ ನೆನಪಿರಬಹುದು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಆ ಪುಸ್ತಕಗಳು ಕನ್ನಡದಲ್ಲೂ ಬರುತ್ತಿದ್ದವು. ಅದರಲ್ಲಿ ಫ್ಯಾಂಟಮ್ ಎಂಬ ಮುಖವಾಡದ ವೀರ. ಅವನಿಗೆ ಸಾವೇ ಇಲ್ಲ ಎಂದು ಕಾಡಿನ ಜನ ನಂಬಿದ್ದರು. ಒಳಗಿನ ಗುಟ್ಟು ಬೇರೆ. ಅಪ್ಪ ತೀರಿಕೊಂಡರೆ ಮಗ ಅದೇ ಮುಖವಾಡ ಹಾಕಿಕೊಳ್ಳುತ್ತಿದ್ದ. ಹೀಗೆ 21 ತಲೆಮಾರು. 17ನೆಯವನ ಕಾಲದಲ್ಲಿ ಮಾತ್ರ, ಅವನಿಗೆ ಕೈಲಾಗದೆ ಹೋದಾಗ, ಅವನ ಸೋದರಿ ಜೂಲಿ ಆ ಮುಖವಾಡ ಹಾಕಿ ಕೆಲಸ ನಡೆಸಿದಳೆಂದು ಒಂದು ಕಥೆ ಇದೆ. ಇಪ್ಪತ್ತೊಂದರ ಮಧ್ಯೆ ಒಬ್ಬಳು! ಅದೂ ಬದಲಿಯಾಗಿ.

ಈಗ ಇದೆಲ್ಲ ಯಾಕೆ ಅಂತೀರಾ? ಹೊನ್ನಾವರದ ಕಡೆಯ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಬೇಡ. ಅವರ ಮಗಳು ಪಿಯುಸಿ ಎರಡನೇ ವರ್ಷ. ಊರಿನ ಮಕ್ಕಳ ಯಕ್ಷಗಾನದಲ್ಲಿ ಅವಳಿಗೆ ಅಭಿಮನ್ಯುವಿನ ಪಾತ್ರ ಕೊಟ್ಟಿದ್ದಾರೆ. ಆ ಸೀಮೆಯಲ್ಲಿ ಅಭಿಮನ್ಯು ಎಂದರೆ ಅವಳ ಅಜ್ಜನೇ ಎಂಬಂತಿತ್ತಂತೆ ಒಂದು ಕಾಲದಲ್ಲಿ. ಮೊದಲ ಅಭ್ಯಾಸದ ದಿನವೇ ಹಿರಿಯರೊಬ್ಬರು ಎಲ್ಲರೆದುರು, “ಅಜ್ಜನ ಕಾಲಧೂಳಿಗೂ ಸಮ ಆಗ್ಲಿಲ್ಲ ಕೂಸೇ” ಅಂದುಬಿಟ್ಟರು. ಹುಡುಗಿ ಮನೆಗೆ ಬಂದು ಗೆಜ್ಜೆ ಬಿಚ್ಚಿ ಮೂಲೆಗೆ ಹಾಕಿದವಳು ಮತ್ತೆ ಮುಟ್ಟಿಲ್ಲ. ಬೆಂಗಳೂರಿನ ಅಣ್ಣ ತಂದುಕೊಟ್ಟ ಇಂಗ್ಲಿಷ್ ಚಿತ್ರಕಥೆಯನ್ನೇ ಹಿಡಿದು ಕೂತಿರುತ್ತಾಳೆ. ಆಟಕ್ಕೆ ಇನ್ನು ಇಪ್ಪತ್ತು ದಿನ. “ಆ ಪುಸ್ತಕದಲ್ಲಿ ಹುಡುಗಿ ರಾತ್ರಿ ಅಪ್ಪ-ಅಮ್ಮನ ಕಣ್ಣು ತಪ್ಪಿಸಿ ಹೊರಗೆ ಹೋಗುತ್ತಾಳೆ. ಇಂಥದ್ದನ್ನು ಓದಗೊಡಬಹುದೇ? ಪಾತ್ರ ಬಿಡಿಸಲೋ, ಗದರಿಸಿ ಕಳಿಸಲೋ?” ಎಂದು ಆ ತಾಯಿ ಕೇಳಿದ್ದಾರೆ.

ಪುಸ್ತಕದ ಹೆಸರನ್ನೂ ಬರೆದಿದ್ದರಿಂದ ತರಿಸಿ ಓದಿದೆ. ಮಿಸ್ ಮಾರ್ವೆಲ್. 2014ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಕಥೆ ಬರೆದವರು ಜಿ. ವಿಲ್ಲೋ ವಿಲ್ಸನ್ ಎಂಬ ಹೆಂಗಸು, ಚಿತ್ರ ಏಡ್ರಿಯನ್ ಅಲ್ಫೋನಾ ಅವರದು, ಇಂಥ ಹುಡುಗಿ ಬೇಕು ಎಂದು ಹಟ ಹಿಡಿದವರಲ್ಲಿ ಸನಾ ಅಮಾನತ್ ಎಂಬ ಸಂಪಾದಕಿ ಮುಖ್ಯರು. 2015ರಲ್ಲಿ ಅದರ ಮೊದಲ ಸಂಪುಟಕ್ಕೆ ಹ್ಯೂಗೋ ಎಂಬ ದೊಡ್ಡ ಬಹುಮಾನವೂ ಬಂತು. ಓದಲು ಕೂತವಳು ಒಲೆಯ ಮೇಲಿಟ್ಟ ಹಾಲನ್ನು ಮರೆಯಲಿಲ್ಲ ಎಂದು ಮಾತ್ರ ಹೇಳಿಕೊಳ್ಳಬಲ್ಲೆ.

ಹುಡುಗಿಯ ಹೆಸರು ಕಮಲಾ ಖಾನ್. ನಮ್ಮ ಕಿವಿಗೆ ಕಮಲ ಎಂದರೆ ಹೂವು. ಅವಳ ಮನೆಯವರ ಲೆಕ್ಕದಲ್ಲಿ ಅದು ಅರಬ್ಬಿಯ ಮಾತು, ಪರಿಪೂರ್ಣ ಎಂಬ ಅರ್ಥದ್ದು. ಹದಿನಾರು ವರ್ಷ. ಕರಾಚಿಯಿಂದ ವಲಸೆ ಬಂದ ತಂದೆತಾಯಿ, ಜರ್ಸಿ ಸಿಟಿ ಎಂಬ ಊರಲ್ಲಿ ಮನೆ. ಸದಾ ನಮಾಜು, ಗ್ರಂಥ ಎನ್ನುವ ಅಣ್ಣ, ಎಲ್ಲಿಗೆ ಹೊರಟೆ ಯಾರ ಜೊತೆ ಎಂದು ಕೇಳುವ ಅಮ್ಮ. ಭಟ್ಕಳದ ನವಾಯತ ಮನೆಗಳ ಓದುಗರಿಗೆ ಈ ಮನೆ ಅಪರಿಚಿತ ಅನ್ನಿಸಲಿಕ್ಕಿಲ್ಲ. ಊಟದ ಮೇಜಿನ ಮಾತುಕತೆ ನಮ್ಮ ಯಾವ ಮನೆಯದ್ದೂ ಆಗಬಹುದು.

ಕಮಲಾಗೆ ಒಬ್ಬ ವೀರನಾರಿಯ ಮೇಲೆ ಬಹಳ ಅಭಿಮಾನ. ಅವಳು ಕ್ಯಾರಲ್ ಡ್ಯಾನ್ವರ್ಸ್, 1977ರಿಂದ ಮಿಸ್ ಮಾರ್ವೆಲ್ ಎಂದು ಹೆಸರಾದವಳು. 2012ರಲ್ಲಿ ಕ್ಯಾರಲ್ ಕ್ಯಾಪ್ಟನ್ ಮಾರ್ವೆಲ್ ಆದದ್ದರಿಂದ ಹಳೆಯ ಹೆಸರು ಖಾಲಿ ಬಿದ್ದಿತ್ತು. ಅಪ್ಪ ಬೇಡ ಎಂದರೂ ಕದ್ದು ಒಂದು ಪಾರ್ಟಿಗೆ ಹೋಗಿ ಬರುವ ರಾತ್ರಿ ಕಮಲಾಗೆ ವಿಚಿತ್ರ ಮಂಜು ಕವಿದು ಶಕ್ತಿ ಬರುತ್ತದೆ. ಮೈಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಬೇರೆಯವರ ರೂಪ ತಾಳಬಹುದು. ಆಗ ಅವಳು ಬೇಡುವುದೇನು ಗೊತ್ತೇ? ನಾನು ಕ್ಯಾರಲ್ ಆಗಬೇಕು! ಆಗಿಯೂ ಬಿಡುತ್ತಾಳೆ. ಹೊಂಬಣ್ಣದ ಕೂದಲು, ಬಿಳಿ ಮೈ, ಉದ್ದ ಬೂಟು. ಹಾಗೆ ಆದದ್ದೇ ತಡ, ಕೂದಲು ಕಣ್ಣಿಗೆ ಬೀಳುತ್ತದೆ, ಬಟ್ಟೆ ಕಚ್ಚುತ್ತದೆ, ಒಂದೂ ಹಿತವಿಲ್ಲ. ಆದರೂ ಅದೇ ರೂಪದಲ್ಲೇ, ತನ್ನನ್ನು ಯಾವಾಗಲೂ ಕೆಣಕುತ್ತಿದ್ದ ಹುಡುಗಿ ನೀರಿಗೆ ಬಿದ್ದಾಗ ಕೈಯನ್ನು ದೊಡ್ಡದು ಮಾಡಿ ಎತ್ತುತ್ತಾಳೆ. ಮುಂದೆ ಒಂದು ಅಂಗಡಿಯಲ್ಲಿ ಅವಳಿಗೆ ಗುಂಡು ತಾಗುತ್ತದೆ. ಸ್ವಂತ ರೂಪಕ್ಕೆ ಮರಳಿದಾಗಲೇ ಆ ಗಾಯ ಮಾಯುವುದು. ಈ ಪುಟಕ್ಕೆ ಬಂದಾಗ, ಬರೆದಾಕೆ ಹೆಣ್ಣುಮಕ್ಕಳನ್ನು ಚೆನ್ನಾಗಿ ಬಲ್ಲವಳು ಅನ್ನಿಸಿತು ನನಗೆ. ಆಮೇಲೆ ಕಮಲಾ ಕ್ಯಾರಲ್‌ಳ ಹೆಸರು ಇಟ್ಟುಕೊಳ್ಳುತ್ತಾಳೆ, ಮುಖವನ್ನು ಬಿಡುತ್ತಾಳೆ. ಈಜಾಡಲು ಇಟ್ಟಿದ್ದ ಮೈತುಂಬ ಮುಚ್ಚುವ ಬಟ್ಟೆಯಿಂದಲೇ ತನ್ನ ವೇಷ ಮಾಡಿಕೊಳ್ಳುತ್ತಾಳೆ. ಮೊದಲ ಸಾಹಸಕ್ಕೆ ಹೋದವಳು ಪೆಟ್ಟು ತಿಂದು ಓಡಿಬರುತ್ತಾಳೆ ಎನ್ನುವುದನ್ನೂ ಹೇಳಬೇಕು.

ಕಣ್ಣು ತಪ್ಪಿಸಿ ಹೋಗುವ ವಿಷಯವೋ? ಪುಸ್ತಕ ಅದನ್ನು ಮುಚ್ಚಿಟ್ಟಿಲ್ಲ. ಅಮ್ಮ ಸಿಟ್ಟಾಗುತ್ತಾಳೆ, ಅಪ್ಪ ಮಸೀದಿಯ ಹಿರಿಯರ ಹತ್ತಿರ ಕಳಿಸುತ್ತಾನೆ. ಬೈಗುಳ ತಿನ್ನಲು ತಯಾರಾಗಿ ಹೋದ ಹುಡುಗಿಗೆ ಆ ಮುದುಕರು ಸಿಗುವುದು ಬೇರೆ ರೀತಿ. ಮಾಡಲೇಬೇಕು ಅಂತಿದ್ದರೆ ಧೈರ್ಯದಿಂದ, ಪ್ರಾಮಾಣಿಕವಾಗಿ ಮಾಡು, ಒಬ್ಬ ಗುರುವನ್ನು ಹುಡುಕಿಕೋ ಎಂಬರ್ಥದ ಮಾತು ಹೇಳುತ್ತಾರೆ. ಆ ತಾಯಿಗೆ ನನ್ನ ಮೊದಲ ಉತ್ತರ ಇದೇ: ಓದಲಿ. ನೀವೂ ಓದಿ. ಇಂಗ್ಲಿಷ್ ತೊಡಕಾದರೆ ಮಗಳೇ ಓದಿ ಹೇಳಲಿ, ಆ ನೆಪದಲ್ಲಾದರೂ ಬಾಯಿ ಬಿಟ್ಟಾಳು.

ಕಮಲಾ ಕಥೆಗೆ ದೂರದ ಅಮೆರಿಕವೇ ಬೇಕಿಲ್ಲ ನೋಡಿ. ಭಟ್ಕಳ ತಾಲೂಕಿನ ಹಾಡುವಳ್ಳಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆ, ಕುಮಟಾ ತಾಲೂಕಿನ ಮಿರ್ಜಾನ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಹೆಸರು ನಮ್ಮಲ್ಲೇ ಇದೆ. ಚೆನ್ನಭೈರಾದೇವಿ. 1552ರಲ್ಲಿ ಪಟ್ಟಕ್ಕೆ ಬಂದು 1606ರವರೆಗೆ ಆಳಿದಳು ಎಂದು ಇತಿಹಾಸ ಬಲ್ಲವರ ಲೆಕ್ಕ. ಐವತ್ತನಾಲ್ಕು ವರ್ಷ! ಇಷ್ಟು ದಿನ ಆಳಬೇಕಾದರೆ ಪಟ್ಟವೇರಿದಾಗ ವಯಸ್ಸು ಎಷ್ಟಿದ್ದೀತು ಎಂದು ನೀವೇ ಬೆರಳು ಮಡಚಿ ನೋಡಿ. ಇಪ್ಪತ್ತು ಎಂದರೂ ಕೊನೆಗೆ ಎಪ್ಪತ್ತನಾಲ್ಕು. ಎಳೆಯವಳೇ.

ಆ ಎಳೆಯವಳ ಕೈಗೆ ಬಂದದ್ದೇನು? ಕಿರೀಟದ ಜೊತೆ ಒಂದು ಹಳೆಯ ಬಾಕಿ. 1502ರಲ್ಲಿ ವಾಸ್ಕೋ ಡ ಗಾಮಾ ಭಟ್ಕಳಕ್ಕೆ ಹಡಗು ತಂದು ಹೆದರಿಸಿ, ವರ್ಷವರ್ಷ ಅಕ್ಕಿ ಕೊಡಬೇಕೆಂದು ಒಪ್ಪಿಸಿಕೊಂಡ. ಪೋರ್ಚುಗೀಸರ ಚರಿತ್ರೆಕಾರ ಗಾಸ್ಪರ್ ಕೊರಿಯಾ ಲೆಕ್ಕ ಬರೆದಿಟ್ಟಿದ್ದಾನೆ: ಸಾವಿರ ಹೇರು ಸಾಮಾನ್ಯ ಅಕ್ಕಿ ಹಡಗಿನ ಆಳುಗಳಿಗೆ, ಐದುನೂರು ಹೇರು ಒಳ್ಳೆಯ ಅಕ್ಕಿ ಕಪ್ತಾನರಿಗೆ. ದಪ್ಪಕ್ಕಿ ಯಾರಿಗೆ, ಸಣ್ಣಕ್ಕಿ ಯಾರಿಗೆ ಎಂದು ಬೇರೆ ಬೇರೆ ಅಳೆದು ಕೊಡಿ ಎಂದವರು! ಮದುವೆಮನೆಯಲ್ಲಿ ಬೀಗರು ಕೂಡ ಹೀಗೆ ಕೇಳಲಾರರು. ಮುಂದೆ ಭಟ್ಕಳವನ್ನು ಒಬ್ಬ ರಾಣಿ ಆಳುತ್ತಿದ್ದಾಗ ಕಪ್ಪ ಸರಿಯಾಗಿ ಬರಲಿಲ್ಲ, ಕಡಲ್ಗಳ್ಳರಿಗೆ ನೆಲೆ ಕೊಟ್ಟಿದ್ದೀರಿ ಎಂಬ ಕಾರಣ ಹೂಡಿ, 1542ರಲ್ಲಿ ಗವರ್ನರ್ ಮಾರ್ತಿಂ ಅಫೋನ್ಸೋ ದೆ ಸೋಜ ಊರಿಗೇ ನುಗ್ಗಿ ಸುಲಿದು ಸುಟ್ಟ. ಅದಾಗಿ ಹತ್ತು ವರ್ಷಕ್ಕೆ ನಮ್ಮ ಹುಡುಗಿಯ ಪಟ್ಟಾಭಿಷೇಕ. ಸುಟ್ಟ ಊರಿನ ನೆನಪಿದ್ದವರು ಸಭೆಯಲ್ಲೇ ಕೂತಿರಬೇಕು. ಹಿಂದಿನ ರಾಣಿ ಹೀಗೆ ಮಾಡಿದ್ದಳು, ಹಾಗೆ ಮಾಡಿದ್ದಳು ಎಂದು ಅವರು ಹೇಳದೆ ಬಿಟ್ಟಿದ್ದಾರೆಯೇ?

ನನಗೆ ಇಲ್ಲಿಯೇ ಒಂದು ಕೊರಗು. ಅವಳ ಆ ಮೊದಲ ವರ್ಷ ಹೇಗಿತ್ತು ಎಂದು ಯಾರೂ ಬರೆದಿಡಲಿಲ್ಲ. ಶಾಸನಗಳು ದಾನದತ್ತಿ ಹೇಳುತ್ತವೆ, ಪರದೇಶದವರು ಮೆಣಸಿನ ಲೆಕ್ಕ ಹೇಳುತ್ತಾರೆ. ಯಾರ ಮಾತು ನಂಬಲಿ ಎಂದು ಅವಳು ನಿದ್ದೆಗೆಟ್ಟ ರಾತ್ರಿ, ತಪ್ಪಿದ ಮೊದಲ ಅಪ್ಪಣೆ, ಯಾವುದೂ ಇಲ್ಲ. ನಮಗೆ ಸಿಗುವವಳು ಸೀದಾ ರಾಣಿ. ಕಾಮಿಕ್ಸಿನ ಆ ಕಮಲಾ ಇದಕ್ಕೇ ನನಗೆ ಹಿಡಿಸಿದ್ದು. ಇತಿಹಾಸ ನುಂಗಿದ ಆ ಮೊದಲ ವರ್ಷವನ್ನೇ ಅದು ಪುಟಪುಟ ಬಿಡಿಸಿ ತೋರಿಸುತ್ತದೆ.

ಹೆಸರಿನ ಸಂಗತಿಯೂ ಹಾಗೇ. ಚೆನ್ನಾದೇವಿ, ಭೈರಾದೇವಿ, ಚೆನ್ನಭೈರಾದೇವಿ ಎಂದು ಈ ಮನೆತನದ ರಾಣಿಯರ ಹೆಸರುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಜನರ ಬಾಯಲ್ಲಿ ಎಲ್ಲರೂ ಒಬ್ಬಳೇ ಆಗಿಬಿಡುತ್ತಾರೆ. ದಕ್ಷಿಣಕ್ಕೆ ಉಳ್ಳಾಲದಲ್ಲೂ ಇದೇ ಕಥೆ. ಅಲ್ಲಿ ಅಳಿಯಸಂತಾನ ಕಟ್ಟಳೆಯಂತೆ ಚೌಟರ ತಿರುಮಲರಾಯ ಅಕ್ಕನ ಮಗಳು ಅಬ್ಬಕ್ಕನಿಗೆ ಪಟ್ಟ ಕಟ್ಟಿದ. ಆಮೇಲೆ ಮಗಳೂ ಅಬ್ಬಕ್ಕನೇ. ನಾವು ಕೊಂಡಾಡುವ ಅಬ್ಬಕ್ಕ ಒಬ್ಬಳಲ್ಲ, ಒಂದಕ್ಕಿಂತ ಹೆಚ್ಚು ಹೆಂಗಸರು ಸೇರಿ ಆದ ಹೆಸರು ಎಂದು ವಿದ್ವಾಂಸರ ಮತ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ಬರಿಗಾಲಲ್ಲಿ ನಡೆದು ನೀರಿನ ಕಾಲುವೆಯ ಕೆಲಸ ನೋಡಿಕೊಳ್ಳುತ್ತಿದ್ದಳಂತೆ. ಫ್ಯಾಂಟಮ್‌ಗೆ ಬರಿ ಮುಖವಾಡ ಇತ್ತು. ಇವರಿಗೆ ಗದ್ದೆಗೆ ನೀರು ಹಾಯಿಸುವ ಚಿಂತೆಯೂ ಇತ್ತು.

ನಮ್ಮ ರಾಣಿಗೆ ಮತ್ತೆ ಬರುತ್ತೇನೆ. ಪಟ್ಟಕ್ಕೆ ಬಂದು ಹದಿಮೂರು ವರ್ಷಕ್ಕೆ, 1565ರಲ್ಲಿ, ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಬಿತ್ತು. ಬೆನ್ನಿಗಿದ್ದ ದೊಡ್ಡ ಅರಸೊತ್ತಿಗೆಯೇ ಹೋಯಿತು. 1569ರಲ್ಲಿ ವೈಸರಾಯ್ ಲೂಯಿಸ್ ದೆ ಅತಾಯಿದೆ ಹೊನ್ನಾವರದ ಕೋಟೆ ಹಿಡಿದ. ಮರುವರ್ಷ ಬಿಜಾಪುರ, ಅಹಮದನಗರ, ಕಲ್ಲಿಕೋಟೆಯವರು ಒಟ್ಟಾಗಿ ಪೋರ್ಚುಗೀಸರ ಮೇಲೆ ಎದ್ದಾಗ ಇವಳೂ ಹೊನ್ನಾವರಕ್ಕೆ ದಂಡು ಕಳಿಸಿದಳು. ಕೋಟೆ ಸಿಗಲಿಲ್ಲ. ಆಮೇಲೂ ಮೂವತ್ತೈದು ವರ್ಷ ರಾಜ್ಯ ಉಳಿಸಿಕೊಂಡಳು, ಹೊಡೆದಾಡಿದವರ ಜೊತೆಗೇ ಮೆಣಸಿನ ವ್ಯಾಪಾರವನ್ನೂ ಮಾಡಿದಳು. ಅವಳನ್ನು ಸೋಲೇ ಕಾಣದವಳು ಎಂದು ಹೊಗಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸೋತ ಮರುದಿನ ಮತ್ತೆ ದರಬಾರಿಗೆ ಬಂದು ಕೂತವಳು ಎನ್ನುವುದೇ ಹೆಚ್ಚಿನದು. ಕೊನೆಗೆ 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಸೋಲಿಸಿ ಸೆರೆ ಹಿಡಿದ. ಇಕ್ಕೇರಿಯಲ್ಲಿ ಸೆರೆಯಲ್ಲೇ ತೀರಿಕೊಂಡಳು. ದೆಲ್ಲಾ ವಾಲೆ ಹೊನ್ನಾವರದಿಂದ ಇಕ್ಕೇರಿಗೆ ಹೋಗುತ್ತ ಗೇರುಸೊಪ್ಪೆ ಹಾಯುವ ಹೊತ್ತಿಗೆ ಅರಮನೆ ಪಾಳುಬಿದ್ದು ಮರಗಿಡ ಬೆಳೆದಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎನ್ನುತ್ತಿದ್ದರು ಎಂದು ಬರೆದವನೂ ಅವನೇ. ಪೂರ್ತಿ ಕಥೆ ಬೇಕಾದವರಿಗೆ ಗಜಾನನ ಶರ್ಮರ ಕಾದಂಬರಿ ಇದೆ. ಗೇರುಸೊಪ್ಪೆಯ ಚತುರ್ಮುಖ ಬಸದಿ, ಮಿರ್ಜಾನದ ಕೆಂಪುಕಲ್ಲಿನ ಕೋಟೆ ಇನ್ನೂ ನಿಂತಿವೆ. ಬುತ್ತಿ ಕಟ್ಟಿಕೊಂಡು ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಮಾತ್ರ ಮಿರ್ಜಾನದ ಗೋಡೆ ಹತ್ತಬೇಡಿ, ಹಾವಸೆ ಜಾರುತ್ತದೆ.

ಅಡುಗೆಮನೆಯವರಿಗೆ ಒಂದು ಮಾತು ಹೇಳದಿದ್ದರೆ ಈ ಪುಟಕ್ಕೆ ಶೋಭೆಯಿಲ್ಲ. ಅವಳ ಕಾಲಕ್ಕೆ ನಮ್ಮಲ್ಲಿ ಮೆಣಸು ಎಂದರೆ ಕಾಳುಮೆಣಸು ಒಂದೇ. ಇವತ್ತು ಸಾರಿಗೆ ಹಾಕುವ ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಅದೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬಂದ ಹೊಸಬಳಿಗೆ ನಮ್ಮವರು ಹಳೆಯ ಹೆಸರನ್ನೇ ಕೊಟ್ಟರು. ಕಾಳುಮೆಣಸಿನ ಖಾರ ಇದಕ್ಕಿಲ್ಲ ಎಂದು ಆಗಿನ ಅಜ್ಜಿಯರು ಗೊಣಗಿರಲೇಬೇಕು. ಈಗ ಅದಿಲ್ಲದೆ ಯಾರ ಮನೆಯ ಒಲೆ ಉರಿಯುತ್ತದೆ, ಹೇಳಿ!

ಇನ್ನು ಯಕ್ಷಗಾನದ ಪ್ರಶ್ನೆ. ಹೊನ್ನಾವರ ಸೀಮೆಗೆ ವೇಷದ ಬಾಧ್ಯತೆ ಹೊಸತಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ, ಮರಿಮಗ ಶ್ರೀಧರ ಹೆಗಡೆ ಎಂದು ನಾಲ್ಕು ತಲೆಮಾರಿಗೆ ಬಂತು. ಅಪ್ಪನ ಹಾಗೆ ಇಲ್ಲ ಎಂಬ ಮಾತನ್ನು ರಂಗಸ್ಥಳಕ್ಕೆ ಇಳಿದ ಯಾವ ಮಗ ಕೇಳಿಲ್ಲ? ವ್ಯತ್ಯಾಸ ಇಷ್ಟೇ. ಗಂಡುಮಕ್ಕಳಿಗೆ ಅದನ್ನು ಹೇಳಿ ಇನ್ನೊಂದು ಆಟ ಕೊಡುತ್ತಿದ್ದರು. ಹೆಣ್ಣುಮಕ್ಕಳಿಗೆ ಹೇಳಿದರೆ ಅದೇ ಕೊನೆಯ ಆಟ ಆಗಿಬಿಡುತ್ತದೆ, ಮುಂದಿನ ವರ್ಷ ಓದು, ಆಮೇಲೆ ಮದುವೆ. ಅದಕ್ಕೇ ಈ ಇಪ್ಪತ್ತು ದಿನ ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಅಕ್ಕಾ, ಗದರಿಸಬೇಡಿ. ಪಾತ್ರ ಬಿಡಿಸಲೂ ಹೋಗಬೇಡಿ. ಮೊದಲು ಆ ಹಿರಿಯರನ್ನೇ ಮನೆಗೆ ಕರೆದು ಒಂದು ಲೋಟ ಚಹಾ ಕೊಡಿ. ಮಗಳು ಕೇಳುವ ಹಾಗೆ ಒಂದೇ ಪ್ರಶ್ನೆ ಕೇಳಿ: ಅಪ್ಪಯ್ಯ ಮೊದಲ ಸಲ ಅಭಿಮನ್ಯು ಮಾಡಿದಾಗ ಹೇಗೆ ಮಾಡಿದ್ದರು? ಅವರಿಗೆ ನೆನಪಿದ್ದರೆ ಮಗಳಿಗೆ ಔಷಧ ಆಯಿತು, ಯಾಕೆಂದರೆ ತಾಳ ತಪ್ಪಿದ್ದು, ಮಾತು ಮರೆತದ್ದು ಏನಾದರೂ ಹೊರಬಂದೀತು. ನೆನಪಿಲ್ಲ ಅಂದರೂ ಮಗಳಿಗೆ ಒಂದು ತಿಳಿಯುತ್ತದೆ. ಜನ ಇಟ್ಟುಕೊಂಡಿರುವುದು ಅಜ್ಜನ ಮೂವತ್ತನೆಯ ವರ್ಷದ ಆಟವನ್ನು. ಇವಳದು ಇನ್ನೂ ಮೊದಲನೆಯದು.

ಅಜ್ಜನ ಅಭಿಮನ್ಯುವನ್ನು ಈ ಇಪ್ಪತ್ತು ದಿನ ಮನೆಯಲ್ಲಿ ಯಾರೂ ಎತ್ತಬೇಡಿ, ಹೊಗಳಿಕೆಗೂ ಬೇಡ. ಕಲಿಸುವ ಗುರುಗಳಿಗೆ ನೀವೇ ಹೋಗಿ ಹೇಳಿ, ಅಜ್ಜನ ಕುಣಿತ ಇವಳ ಕಾಲಿಗೆ ಕಟ್ಟಬೇಡಿ, ಇವಳ ಎತ್ತರಕ್ಕೆ, ಉಸಿರಿಗೆ ಎಷ್ಟು ಬೇಕೋ ಅಷ್ಟೇ ಕೊಡಿ ಎಂದು. ಒಳ್ಳೆಯ ಗುರುಗಳಿಗೆ ಈ ಮಾತಿನಿಂದ ಬೇಸರ ಆಗುವುದಿಲ್ಲ. ಇನ್ನೊಂದು ಸಂಗತಿಯನ್ನು ಹೆಂಗಸರೇ ಗಮನಿಸಬೇಕು. ಬಾಡಿಗೆಗೆ ತರುವ ಕವಚ, ಭುಜಕೀರ್ತಿ, ಕೇದಗೆ ಮುಂದಲೆ ಎಲ್ಲ ಗಂಡಸರ ಅಳತೆಯವು. ಚೌಕಿಯಲ್ಲಿ ಆ ರಾತ್ರಿಯೇ ಮೊದಲ ಸಲ ಕಟ್ಟಿದರೆ ಉಸಿರು ಕಟ್ಟುತ್ತದೆ, ಅರ್ಧ ಭಯ ಅದರದ್ದೇ. ನಾಲ್ಕು ದಿನ ಮೊದಲೇ ತರಿಸಿ, ಪೂರ್ತಿ ಕಟ್ಟಿ, ಒಂದು ತಾಸು ಕುಣಿಯಲಿ. ಸಡಿಲಾದ ಕಡೆ ಹತ್ತಿಬಟ್ಟೆ ತುಂಬಿ, ಬಿಗಿಯಾದ ಕಡೆ ಲಾಡಿ ಉದ್ದ ಮಾಡಿ.

ಇಷ್ಟಾದರೂ ಒಲ್ಲೆ ಅಂದರೆ? ಎಂಟನೆಯ ದಿನದೊಳಗೆ ನಿನ್ನ ಮಾತು ಹೇಳಿಬಿಡು, ಬೇರೆಯವರಿಗೆ ಕಲಿಯಲು ಸಮಯ ಬೇಕು ಎಂದು ಅವಳಿಗೇ ತೀರ್ಮಾನ ಬಿಡಿ. ಹೂಂ ಅಂದರೂ ಉಹೂಂ ಅಂದರೂ ಮತ್ತೆ ಕೆದಕಬೇಡಿ.

ಹೂಂ ಅಂದಳು ಎಂದೇ ಇಟ್ಟುಕೊಂಡು ಅರ್ಥ ಹೇಳುವ ಗಂಟಲಿಗೆ ಕಷಾಯದ ಪುಡಿ ಬರೆಯುತ್ತೇನೆ. ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಕಾಲು ಲೋಟ, ಕಾಳುಮೆಣಸು ಎರಡು ಚಮಚ, ಮೆಂತ್ಯ ಅರ್ಧ ಚಮಚ. ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಪುಡಿ ಮಾಡಿ ಡಬ್ಬಿಗೆ ತುಂಬಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ತುಂಡು ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬಿಸಿ ಹಾಲು ಸೇರಿಸಿ. ಬೆಲ್ಲ ಹಾಕಿದ್ದಕ್ಕೆ ಹಾಲು ಹಾಕಿ ಮತ್ತೆ ಕುದಿಸಿದರೆ ಒಡೆಯುತ್ತದೆ. ಅಭ್ಯಾಸದ ದಿನಗಳಲ್ಲಿ ಸಂಜೆ ಒಂದು ಲೋಟ ಸಾಕು, ಆಟದ ದಿನ ಥರ್ಮಾಸಿನಲ್ಲಿ ಚೌಕಿಗೆ ಕಳಿಸಿ.